ಒಲ್ಲೆ ಎಂದವರಿಗೆ ಬಡಿಸಲಿಲ್ಲ

ಬೈಲಹೊಂಗಲ

ವಿಯೆಟ್ನಾಮಿಗೆ ಹೋಗಿ ಬಂದೆ ಎಂದರೆ ನಮ್ಮ ಕಡೆಯ ಜನ ಮೊದಲು ಕೇಳುವುದು, ಅಲ್ಲಿ ಊಟಕ್ಕೆ ಏನು ಮಾಡಿದಿರಿ ಎಂದು. ನಾನು ಹೊಟ್ಟೆ ತುಂಬ ಉಂಡೆ. ನನ್ನ ಗಂಡ ಅರೆಹೊಟ್ಟೆ ಇದ್ದರು. ಇದರಲ್ಲಿ ವಿಯೆಟ್ನಾಮಿನ ತಪ್ಪೇನೂ ಇಲ್ಲ. ಆ ದೇಶದಲ್ಲಿ ಅನ್ನ, ಸೊಪ್ಪು, ಹಣ್ಣು ಬೇಕಾದಷ್ಟಿವೆ, ಮಾಂಸ ತಿನ್ನದ ನಮ್ಮಂಥವರಿಗೆ ಬೇರೆ ಅಡುಗೆ ಮಾಡಿಕೊಡುವವರೂ ಇದ್ದಾರೆ. ತಪ್ಪು ಯಾರದೆಂದು ನೀವೇ ಹೇಳಬೇಕಾದರೆ ನಾನು ಮನೆಯಿಂದಲೇ ಶುರುಮಾಡಬೇಕು.

ನಾನು ನೇಸರಗಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನನ್ನ ಗಂಡ ಚನ್ನಬಸಪ್ಪ ಬೈಲಹೊಂಗಲದ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಗಂಡನ ಹೆಸರನ್ನು ಹೀಗೆ ರಾಜಾರೋಷವಾಗಿ ಬರೆಯಬಾರದೆಂದು ಅವರ ಕಡೆಯ ಹಿರಿಯರು ಅಂದಾರು. ಅನ್ನಲಿ. ಅವರ ಹೆಸರು ಬರೆಯುವುದಕ್ಕಿಂತ ಹೆಚ್ಚಿನದನ್ನೇ ನಾನು ಇಲ್ಲಿ ಬರೆಯುವವಳಿದ್ದೇನೆ.

ನಮ್ಮ ಕಡೆ ಊಟಕ್ಕೆ ಕೂತವರು ಎರಡನೇ ಸಲ ಬಡಿಸಲು ಬಂದವರಿಗೆ ‘ಒಲ್ಲೆ’ ಎನ್ನಬೇಕು. ಅದು ರೀತಿ. ಹೋಳಿಗೆಯ ಬುಟ್ಟಿ ಹಿಡಿದವರು ಮುಂದೆ ನಿಂತರೆ ಎರಡೂ ಕೈಯಿಂದ ಎಲೆ ಮುಚ್ಚಬೇಕು. ಬಡಿಸುವವರು ಆಣೆ ಹಾಕಬೇಕು, ಪ್ರೀತಿಯಿಂದ ಬೈಯಬೇಕು, ಬೆರಳಿನ ಸಂದಿಯಲ್ಲಿ ಹೋಳಿಗೆ ತುರುಕಬೇಕು. ಆಮೇಲೆ ಉಣ್ಣುವವರು ‘ನಿಮ್ಮ ಸಲುವಾಗಿ ಸಾಕಾತು ನೋಡ್ರಿ’ ಎಂದು ಗೊಣಗುತ್ತ ತುಪ್ಪಕ್ಕೆ ಜಾಗ ಮಾಡಬೇಕು. ಕೇಳಿದ ಕೂಡಲೇ ಹೂಂ ಎಂದವನನ್ನು ಪಂಕ್ತಿಯೇ ತಿರುಗಿ ನೋಡುತ್ತದೆ. ಇದಕ್ಕೆ ನಾವು ಒತ್ತಾಯ ಎನ್ನುತ್ತೇವೆ.

ಮದುವೆಯ ಪಂಕ್ತಿಯಲ್ಲಿ ಇದು ಚಂದ. ನನ್ನ ಗಂಡ ಮಾತ್ರ ಈ ರೀತಿಯನ್ನು ಊಟದ ಎಲೆಯಿಂದ ಎತ್ತಿ ಸಂಸಾರದ ತುಂಬ ಹಾಸಿಬಿಟ್ಟಿದ್ದಾರೆ. ಹೊಸ ಅಂಗಿ ಹೊಲಿಸೋಣವೆಂದರೆ ಒಲ್ಲೆ. ಜ್ವರ ಬಂದಾಗ ಡಾಕ್ಟರ ಹತ್ತಿರ ಹೋಗೋಣವೆಂದರೆ ಒಲ್ಲೆ. ನನ್ನ ತಮ್ಮನ ಮನೆಗೆ, ಸವದತ್ತಿ ಗುಡ್ಡಕ್ಕೆ, ಸಿನೆಮಾಕ್ಕೆ, ಸಂಜೆಯ ಎರಡನೇ ಕಪ್ ಚಹಾಕ್ಕೆ, ಎಲ್ಲಕ್ಕೂ ಮೊದಲು ಒಲ್ಲೆ. ನಾನು ಎರಡು ಸಲ, ಮೂರು ಸಲ ಕಾಡಿ ಬೇಡಿ ಹೊರಡಿಸಬೇಕು. ಹೊರಟ ಮೇಲೆ ನನಗಿಂತ ಹೆಚ್ಚು ಖುಷಿಪಡುವವರೂ ಅವರೇ. ಆದರೆ ಹೋಗಿ ಬಂದದ್ದರಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ‘ನಾ ಮೊದಲ ಒಲ್ಲೆ ಅಂದಿದ್ದೆ’ ಎನ್ನುವ ಅನುಕೂಲ ಅವರ ಕೈಯಲ್ಲೇ ಇರುತ್ತಿತ್ತು.

ಇದನ್ನೆಲ್ಲ ನಾನು ಸಹಿಸಿಕೊಂಡು ಇದ್ದವಳೇ. ಕಳೆದ ಬೇಸಿಗೆ ರಜೆಯಲ್ಲಿ ಮುರಗೋಡದಲ್ಲಿರುವ ನಾದಿನಿ ನೀಲವ್ವನ ಮನೆಗೆ ಹೋಗಿದ್ದೆ. ಇಬ್ಬರೂ ಕೂತು ಹಪ್ಪಳ ಲಟ್ಟಿಸುವಾಗ, ಅಣ್ಣನ ಗುಣಗಾನ ಮಾಡುತ್ತ ಆಕೆ ಒಂದು ಮಾತು ಹೇಳಿದಳು.

“ನಮ್ಮ ಅಣ್ಣ ಮೊದಲಿಂದ ಭಾಳ ಸೂಕ್ಷ್ಮ ನೋಡ್ರಿ ವೈನಿ. ನಿಮ್ಮನ್ನ ನೋಡಾಕ ದೊಡವಾಡಕ್ಕ ಬಂದಿದ್ನಲ್ಲ, ತಿರಗಿ ಬಂದ ಮ್ಯಾಲೆ ಅಪ್ಪ ಹುಡಿಗಿ ಹೆಂಗದಾಳ ಅಂತ ಕೇಳಿದ. ಒಲ್ಲೆ ಅಂದ. ಮರುದಿನ ಅವ್ವ ಕೇಳಿದ್ಲು. ಒಲ್ಲೆ ಅಂದ. ಆಮ್ಯಾಲೆ ಕಾಕಾ ಬಂದು ಜೋರ ಮಾಡಿದ ಮ್ಯಾಲೆ, ನೀವು ಹೆಂಗಂತೀರಿ ಹಂಗ ಅಂದ. ಎಷ್ಟ ಮರ್ಯಾದಿ ನೋಡ್ರಿ.”

ಆಕೆ ಹೊಗಳಿದ್ದು. ನನ್ನ ಕೈಯಲ್ಲಿದ್ದ ಹಪ್ಪಳ ಹರಿದುಹೋಯಿತು. ಇಪ್ಪತ್ತೆಂಟು ವರ್ಷ ಒಂದೇ ಸೂರಿನಡಿ ಬಾಳಿದ ಮೇಲೆ ತಿಳಿಯಿತು, ನಾನೂ ಬೆರಳಿನ ಸಂದಿಯಲ್ಲಿ ತುರುಕಿದ ಹೋಳಿಗೆಯೇ ಎಂದು. ಸಿಟ್ಟು ಬಂತು. ಅಳು ಬಂತು ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು, ಆದರೆ ಬಂದದ್ದು ಸಿಟ್ಟೇ.

ಆ ದಿನವೇ ನಿಶ್ಚಯಿಸಿದೆ. ಇನ್ನು ಮೇಲೆ ಈ ಮನುಷ್ಯನಿಗೆ ಒತ್ತಾಯವಿಲ್ಲ. ಒಂದು ಸಲ ಕೇಳುತ್ತೇನೆ. ಬೇಕಾದರೆ ಬೇಕು ಎಂದು ಬಾಯಿಬಿಟ್ಟು ಹೇಳಲಿ. ಏನನ್ನಾದರೂ, ಒಂದು ಬಾಳೆಹಣ್ಣನ್ನಾದರೂ ತಾನಾಗಿ ಬೇಕು ಎನ್ನುವ ಶಕ್ತಿ ಇವರಿಗೆ ಇದೆಯೋ ಇಲ್ಲವೋ ನನಗೆ ಗೊತ್ತಾಗಬೇಕಿತ್ತು. ಇದ್ದರೆ, ನನ್ನ ವಿಷಯವನ್ನೂ ಕೇಳಿಬಿಡಬಹುದು.

ಬೆಳಗಾವಿಯ ಪ್ರವಾಸದವರೊಬ್ಬರು ವಿಯೆಟ್ನಾಮಿಗೆ ತಂಡ ಕಟ್ಟುತ್ತಿದ್ದರು. ಊಟಕ್ಕೆ ಕೂತಾಗ ಕೇಳಿದೆ. ಎಂದಿನ ಹಾಗೆ ರೊಟ್ಟಿ ಮುರಿಯುತ್ತ, “ನಾ ಒಲ್ಲೆ. ಬೇಕಾರ ನೀ ಹೋಗಿ ಬಾ” ಎಂದರು.

“ಆತು,” ಎಂದೆ. ಮರುದಿನ ನನ್ನದೊಂದೇ ಹೆಸರು ಬರೆಸಿದೆ.

ಎರಡು ದಿನ ಅವರು ನಾನು ಇನ್ನೊಮ್ಮೆ ಕೇಳುತ್ತೇನೆಂದು ಕಾದರು. ಚಹಾ ಕುಡಿಯುವಾಗ ನನ್ನ ಮುಖ ನೋಡುವುದು, ಕೆಮ್ಮುವುದು, ಟಿವಿಯಲ್ಲಿ ಸಮುದ್ರ ಬಂದರೆ ಸದ್ದು ಹೆಚ್ಚಿಸುವುದು. ಮೂರನೇ ದಿನ ತಾವೇ ಫೋನು ಹಚ್ಚಿ ಪ್ರವಾಸದವರಿಗೆ ಹೇಳಿದ್ದು ನನಗೆ ಅಡುಗೆಮನೆಗೆ ಕೇಳಿಸಿತು: “ಇಕಿನ್ನ ಒಬ್ಬಾಕಿನ್ನ ಕಳಸೂದು ಛಲೋ ಕಾಣಸಂಗಿಲ್ಲರಿ. ನಂದೂ ಒಂದು ಹೆಸರು ಹಾಕ್ರಿ.” ಬೇಕು ಎನ್ನಲಿಲ್ಲ, ಗಮನಿಸಿ.

ಹನೋಯ್

ಹನೋಯ್‌ನ ಹೋಟೆಲಿನಲ್ಲಿ ಬೆಳಗಿನ ನಾಷ್ಟಾ ನಾವೇ ಹೋಗಿ ಹಾಕಿಕೊಳ್ಳುವಂಥದ್ದು. ಉದ್ದ ಮೇಜಿನ ಮೇಲೆ ಅಂಟು ಅನ್ನ, ಬ್ರೆಡ್ಡು, ಪಪ್ಪಾಯಿ, ಒಳಗೆ ಎಳ್ಳು ಉದುರಿಸಿದಂತೆ ಕಾಣುವ ಬಿಳಿಯ ಹಣ್ಣು. ನಮ್ಮ ತಂಡದವರೆಲ್ಲ ತಟ್ಟೆ ಹಿಡಿದು ಸಾಲುಗಟ್ಟಿದರು. ನನ್ನ ಗಂಡ ಮಾತ್ರ ಕುರ್ಚಿಯಲ್ಲಿ ಕೂತು ಕೈ ಕಟ್ಟಿಕೊಂಡರು, ಮದುವೆ ಮನೆಯಲ್ಲಿ ಬೀಗರು ಕೂತ ಹಾಗೆ.

“ನಿಮಗೇನರ ತರ್ಲೇನ್ರಿ?”

“ಬ್ಯಾಡ. ಹಸಿವಿಲ್ಲ.”

“ಆತು.”

ತಟ್ಟೆ ತುಂಬಿಕೊಂಡು ಬಂದು ಅವರ ಎದುರಿಗೇ ಕೂತು ತಿಂದೆ. ಅವರು ಒಂದೊಂದು ತುತ್ತನ್ನೂ ನೋಡಿದರು. “ಇದೇನದು?” ಎಂದರು. ಹಣ್ಣು ಎಂದೆ. “ಹೆಂಗೈತಿ?” ಎಂದರು. ಛಲೋ ಐತಿ ಎಂದೆ. ‘ಒಂಚೂರು ತಗೋರಿ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಪಪ್ಪಾಯಿಯ ಜೊತೆ ನುಂಗಿದೆ. ನಾವು ಊರಿಂದ ತಂದ ಕಟಕು ರೊಟ್ಟಿ, ಶೇಂಗಾ ಹಿಂಡಿಯ ಗಂಟು ನನ್ನ ಚೀಲದಲ್ಲೇ ಇತ್ತು. ಕೇಳಿದರೆ ಕೊಡುತ್ತಿದ್ದೆ. ಕೇಳಲಿಲ್ಲ.

ನಮಗೆ ಊರು ತೋರಿಸಲು ಬಂದವಳು ಲಿನ್ ಎಂಬ ಹೆಂಗಸು. ಮೂವತ್ತೈದು ದಾಟಿರಬೇಕು, ಎಲ್ಲರೊಡನೆ ಇಂಗ್ಲಿಷ್ ಮಾತಾಡುತ್ತಿದ್ದಳು, ಎಲ್ಲವನ್ನೂ ಗಮನಿಸುತ್ತಿದ್ದಳು. ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಬಂದು, ನಿಮ್ಮ ಗಂಡನಿಗೆ ಹುಷಾರಿಲ್ಲವೇ, ಏನೂ ತಿನ್ನಲಿಲ್ಲವಲ್ಲ ಎಂದು ಕೇಳಿದಳು.

“ಹುಷಾರಾಗಿದ್ದಾರೆ. ಬೇಡ ಎಂದರು, ಅದಕ್ಕೆ ಕೊಡಲಿಲ್ಲ,” ಎಂದೆ.

“ಸರಿಯಾಗೇ ಇದೆಯಲ್ಲ,” ಎಂದಳು.

“ನಮ್ಮ ಊರಲ್ಲಿ ಇದಕ್ಕೆ ನನ್ನನ್ನು ಹೊಡೆದು ಹಾಕುತ್ತಾರೆ,” ಎಂದೆ. ಆಮೇಲೆ ನಮ್ಮ ಹೋಳಿಗೆಯ ಕತೆ ಹೇಳಿದೆ. ಆಕೆ ನಕ್ಕು, ತನ್ನ ಗಂಡನ ಕತೆ ಹೇಳಿದಳು. ಅವನಿಗೆ ರಾತ್ರಿ ಏನು ಅಡುಗೆ ಮಾಡಲಿ ಎಂದರೆ ಏನಾದರೂ ನಡೆಯುತ್ತದೆ ಎನ್ನುತ್ತಾನಂತೆ. ನೂಡಲ್ಸು ಮಾಡಿದರೆ ಅನ್ನವಿಲ್ಲವೇ ಎನ್ನುತ್ತಾನಂತೆ. ಅನ್ನ ಮಾಡಿದರೆ ಮತ್ತೆ ಅನ್ನವೇ ಎನ್ನುತ್ತಾನಂತೆ. ಸಮುದ್ರ ದಾಟಿ ಇಷ್ಟು ದೂರ ಬಂದು ಕೊನೆಗೆ ನಮ್ಮ ಓಣಿಗೇ ಬಂದಂತಾಯಿತು.

ಹನೋಯ್‌ನ ರಸ್ತೆ ದಾಟುವುದಕ್ಕೆ ಒಂದು ವಿದ್ಯೆ ಬೇಕು. ಸ್ಕೂಟರುಗಳು ಒಂದೇ ಸವನೆ ಬರುತ್ತವೆ, ನಿಲ್ಲುವುದಿಲ್ಲ. ಕಾಯಬೇಡಿ, ಓಡಬೇಡಿ, ಒಂದೇ ಗತಿಯಲ್ಲಿ ನಡೆಯಿರಿ, ಅವರೇ ಸುತ್ತು ಹಾಕಿಕೊಂಡು ಹೋಗುತ್ತಾರೆ ಎಂದು ಲಿನ್ ಹೇಳಿಕೊಟ್ಟಳು. ಬೈಲಹೊಂಗಲದ ಪೇಟೆಯಲ್ಲಿ ನನ್ನ ಗಂಡ ಯಾವಾಗಲೂ ನನಗಿಂತ ಮುಂದೆ ಹೋಗುವವರು. ನಾನು ಹಿಂದೆ ಇದ್ದೇನೋ ಇಲ್ಲವೋ ಎಂದು ತಿರುಗಿ ನೋಡಿದ್ದೂ ಕಡಿಮೆ. ಇಲ್ಲಿ ಫುಟ್‌ಪಾತಿನ ಅಂಚಿಗೆ ಬಂದವರೇ ನಿಂತುಬಿಟ್ಟರು.

“ನೀ ಮುಂದ ನಡಿ,” ಎಂದರು.

ನಡೆದೆ. ನಡುರಸ್ತೆಯಲ್ಲಿ ನನ್ನ ರಟ್ಟೆಯನ್ನು ಯಾರೋ ಬಿಗಿಯಾಗಿ ಹಿಡಿದಿದ್ದಾರೆಂದು ಗೊತ್ತಾಯಿತು. ಮದುವೆಯಾದಾಗಿನಿಂದ ಹೊರಗೆ, ನಾಲ್ಕು ಜನರ ಮುಂದೆ, ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಆಚೆ ದಡ ಮುಟ್ಟಿದ ಕೂಡಲೇ ಬಿಟ್ಟರು. ಮುಂದಿನ ರಸ್ತೆ ಬಂದಾಗ ಮತ್ತೆ ಹಿಡಿದರು. ಕೈ ಹಿಡಿಯಲೇ ಎಂದು ಕೇಳಲಿಲ್ಲ, ಹಿಡಿಯುತ್ತೇನೆ ಎಂದೂ ಹೇಳಲಿಲ್ಲ. ಇದನ್ನು ಬೇಕು ಎಂದ ಹಾಗೆ ಎಂದು ನಾನು ಒಪ್ಪಲಿಲ್ಲ. ಅದು ಸ್ಕೂಟರಿನ ಅಂಜಿಕೆ ಅಷ್ಟೇ.

ನಿನ್ ಬಿನ್

ಹನೋಯ್‌ನಿಂದ ದಕ್ಷಿಣಕ್ಕೆ ನಿನ್ ಬಿನ್ ಎಂಬಲ್ಲಿ ಹೊಳೆಯೊಂದು ಗದ್ದೆಗಳ ನಡುವೆ ಹರಿದು ಸುಣ್ಣದಕಲ್ಲಿನ ಗುಡ್ಡಗಳ ಹೊಟ್ಟೆಯೊಳಗೆ ನುಗ್ಗುತ್ತದೆ. ಸಣ್ಣ ದೋಣಿಗಳು, ಒಂದು ದೋಣಿಗೆ ಇಬ್ಬರು. ದೋಣಿ ನಡೆಸುವವರು ಬಹಳ ಮಂದಿ ಹೆಂಗಸರೇ. ಅವರು ಹುಟ್ಟು ಹಾಕುವುದು ಕಾಲಿನಿಂದ. ಹಿಂದಕ್ಕೆ ಒರಗಿ ಕೂತು, ಎರಡೂ ಪಾದಗಳಲ್ಲಿ ಹುಟ್ಟು ಹಿಡಿದು, ಸೈಕಲ್ ತುಳಿದಂತೆ ತುಳಿಯುತ್ತಾರೆ.

“ಬರ್ತೀರೇನ್ರಿ?” ಎಂದೆ.

ಅವರು ದೋಣಿ ನೋಡಿದರು, ನೀರು ನೋಡಿದರು, ನನ್ನ ಮುಖ ನೋಡಿದರು. “ನಾ ಒಲ್ಲೆ. ನೀ ಹೋಗ.”

ಹೋದೆ. ಇಬ್ಬರ ದೋಣಿಯಲ್ಲಿ ಒಬ್ಬಳೇ ಕಾಲು ಚಾಚಿ ಕೂತೆ. ನನ್ನ ದೋಣಿಯವಳು ನನ್ನದೇ ವಯಸ್ಸಿನವಳು. ಭಾಷೆ ಇಲ್ಲದಿದ್ದರೂ ಆಕೆಗೆ ಬೇಕಾದ ಸುದ್ದಿಯನ್ನು ಕೈಸನ್ನೆಯಲ್ಲೇ ಕೇಳಿದಳು: ಗಂಡ ಎಲ್ಲಿ? ನಾನು ದಂಡೆಯತ್ತ ಬೆರಳು ತೋರಿಸಿದೆ. ದೂರದಲ್ಲಿ ಅವರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಆಕೆ ಗಟ್ಟಿಯಾಗಿ ನಕ್ಕಳು. ನಾನೂ ನಕ್ಕೆ. ಆಕೆ ಕಾಲಿನಿಂದ ಹುಟ್ಟು ಹಾಕುತ್ತಲೇ ಖಾಲಿಯಿದ್ದ ಎರಡೂ ಕೈಗಳಿಂದ ಕಿತ್ತಳೆ ಸುಲಿದು ನನಗೆ ಅರ್ಧ ಕೊಟ್ಟಳು. ಒಲ್ಲೆ ಎನ್ನದೆ ತಗೊಂಡೆ. ನಮ್ಮ ಕಡೆಯ ಹೆಂಗಸರಿಗೆ ಈ ವಿದ್ಯೆ ಗೊತ್ತಾಗದಿರುವುದೇ ಒಳ್ಳೆಯದು. ಗೊತ್ತಾದರೆ ಖಾಲಿಯಾದ ಕೈಗಳಿಗೆ ಇನ್ನೆರಡು ಕೆಲಸ ಹಚ್ಚುತ್ತಾರೆ.

ಗುಡ್ಡದ ಹೊಟ್ಟೆಯೊಳಗೆ ಕತ್ತಲು, ತಂಪು, ತಲೆಗೆ ತಾಗುವಷ್ಟು ಕೆಳಗೆ ಕಲ್ಲು. ಹೊರಗೆ ಬಂದಾಗ ಎರಡೂ ಕಡೆ ಹಸಿರು ಗದ್ದೆ, ನೀರಿನಲ್ಲಿ ಬಿಳಿಯ ಕೊಕ್ಕರೆ. ಎಷ್ಟು ಸುಖವಾಯಿತೆಂದರೆ ಅವರಿದ್ದಿದ್ದರೆ ಎಂದು ಒಂದು ಕ್ಷಣ ಅನಿಸಿತು. ಅನಿಸಿದ್ದಕ್ಕೆ ನನ್ನ ಮೇಲೆಯೇ ಸಿಟ್ಟಾಯಿತು.

ತಿರುಗಿ ದಂಡೆಗೆ ಬಂದಾಗ ನನ್ನ ಗಂಡ ಚಹಾದ ಅಂಗಡಿಯೊಂದರ ಮುಂದೆ, ನಮ್ಮ ಬಾಲವಾಡಿಯ ಮಕ್ಕಳು ಕೂಡುವಂಥ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮೊಣಕಾಲು ಎದೆಗೆ ಹಚ್ಚಿ ಕೂತಿದ್ದರು. ಮುಖ ಅರಳಿತ್ತು.

“ಏ ನೋಡಿಲ್ಲೆ. ಈಕಿ ಸಣ್ಣ ಕಪ್ಪಿನ್ಯಾಗ ಚಹಾ ಕೊಟ್ಲು. ಕುಡದ ಇಟ್ಟೆ. ಮತ್ತ ಹಾಕಿದ್ಲು. ಒಲ್ಲೆ ಅಂತ ಕೈ ಅಡ್ಡ ಹಿಡದೆ. ಕೈ ಸರಿಸಿ ಹಾಕಿದ್ಲು. ಇವರಿಗೂ ರೀತಿ ಗೊತ್ತೈತಿ ಬಿಡು.”

ಅಂಗಡಿಯ ಮುದುಕಿ ನನ್ನತ್ತ ನೋಡಿ ತಲೆಯಾಡಿಸಿ ಇನ್ನೊಂದು ಕಪ್ಪು ತುಂಬಿದಳು. ಆ ದೇಶದಲ್ಲಿ ಬಟ್ಟಲು ಖಾಲಿ ಬಿಟ್ಟರೆ ತುಂಬುತ್ತಾರಂತೆ, ಸಾಕಾದರೆ ತುಂಬಿದ್ದನ್ನು ಹಾಗೆಯೇ ಬಿಡಬೇಕಂತೆ. ಅದು ಲಿನ್ ಆಮೇಲೆ ಹೇಳಿದ್ದು. ಅಷ್ಟರಲ್ಲಿ ನಮ್ಮ ಯಜಮಾನರು ಒಳ್ಳೆಯ ಮರ್ಯಾದೆಯಿಂದ ಎಷ್ಟೋ ಕಪ್ಪು ಮುಗಿಸಿದ್ದರು. ಹನೋಯ್‌ಗೆ ತಿರುಗಿ ಬರುವ ದಾರಿಯಲ್ಲಿ ಬಸ್ಸನ್ನು ಮೂರು ಕಡೆ ನಿಲ್ಲಿಸಬೇಕಾಯಿತು. ಪ್ರತಿ ಸಲವೂ ಅವರು ನನಗೆ ಮೊಣಕೈಯಿಂದ ತಿವಿದರು, ನೀನೇ ಹೇಳು ಎಂಬಂತೆ. ನಾನು ಕಿಟಕಿಯ ಹೊರಗೆ ನೋಡಿದೆ. ಕೊನೆಗೆ ತಾವೇ ಎದ್ದು ಹೋಗಿ ಲಿನ್‌ಗೆ ಕಿರುಬೆರಳು ತೋರಿಸಿದರು.

ಹಾ ಲಾಂಗ್

ಹಾ ಲಾಂಗ್ ಎಂಬುದು ಸಮುದ್ರದಲ್ಲಿ ಗುಡ್ಡಗಳನ್ನು ನೆಟ್ಟಂತಿರುವ ಜಾಗ. ಹಡಗಿನ ಮೇಲಟ್ಟದಲ್ಲಿ ಕೂತರೆ ಒಂದರ ಹಿಂದೊಂದು ಸರಿದುಹೋಗುತ್ತವೆ. ಅಂಥ ಜಾಗದಲ್ಲಿ ನಾವಿಬ್ಬರೂ ಜಗಳಾಡಿದೆವು.

ಶುರುಮಾಡಿದವರು ಅವರು. “ನಿನಗ ಏನಾಗೇತಿ? ಯಾವದರ ಸಿಟ್ಟು ನನ್ನ ಹೊಟ್ಟಿ ಮ್ಯಾಲೆ ತೀರಸಾಕತ್ತೀದಿ?”

“ನೀವು ಒಲ್ಲೆ ಅಂದ್ರಿ, ನಾ ಆತು ಅಂದೆ. ಇದರಾಗ ಸಿಟ್ಟೆಲ್ಲಿ ಬಂತು?”

“ಒಲ್ಲೆ ಅಂದ್ರ ಒಲ್ಲೆ ಅಂತನ ಏನು?”

“ಮತ್ತೇನಂತ?”

ಅಂಗಡಿಯಲ್ಲಿ ಯಾವ ಬೀಜ ಯಾವ ಮಣ್ಣಿಗೆ ಎಂದು ರೈತರಿಗೆ ಒಂದೇ ಉಸಿರಿಗೆ ಹೇಳುವ ಮನುಷ್ಯ, ಈ ಮಾತಿಗೆ ಬಹಳ ತಡವರಿಸಿದರು.

“ಒಲ್ಲೆ ಅಂದ್ರ, ಇನ್ನೊಮ್ಮೆ ಕೇಳು ಅಂತ. ಯಾರರ ಒತ್ತಾಯ ಮಾಡಿದ್ರ ನಮಗೊಂದು ಕಿಮ್ಮತ್ತೈತಿ ಅಂತ ಗೊತ್ತಾಗತೈತಿ. ಅವ್ವ ಮಾಡ್ತಿದ್ಲು. ಅವ್ವ ಹೋದ ಮ್ಯಾಲೆ ನೀ ಮಾಡ್ತಿದ್ದಿ. ಈಗ ನೀನೂ ಬಿಟ್ಟಿ. ನಾ ಬ್ಯಾಡಾದೆ ಅಂತ ತಿಳಕೊಂಡೆ.”

ನನ್ನ ಕರುಳು ಚುರ್ ಎಂದಿತು, ಸುಳ್ಳು ಹೇಳುವುದಿಲ್ಲ. ನಾನು ದಣಿವು ಎಂದುಕೊಂಡು ಹೊತ್ತದ್ದನ್ನು ಅವರು ಪ್ರೀತಿ ಎಂದು ಎಣಿಸಿದ್ದರು. ಆದರೆ ಕರುಳು ಚುರ್ ಎಂದಾಗಲೆಲ್ಲ ನಾವು ಬಾಯಿ ಮುಚ್ಚಿಕೊಂಡು ಬಡಿಸಲು ಹೋಗುತ್ತೇವೆ, ಅದಕ್ಕೇ ಇವರು ಹೀಗಾಗುತ್ತಾರೆ. ನಾನು ಬಾಯಿ ಮುಚ್ಚಲಿಲ್ಲ.

“ಕಿಮ್ಮತ್ತು ನಿಮಗಷ್ಟ ಬೇಕೇನ್ರಿ? ನನಗ ಬ್ಯಾಡೇನು? ನನ್ನ ನೋಡಿ ಬಂದ ಮ್ಯಾಲೆ ನೀವು ಎರಡ ಸಲ ಒಲ್ಲೆ ಅಂದಿದ್ರಂತ. ಕಾಕಾ ಜೋರ ಮಾಡಿದ್ದಕ್ಕ ಒಪ್ಪಿದ್ರಂತ.”

“ಯಾರ ಹೇಳಿದ್ರು? ನೀಲವ್ವ ಹೇಳಿದ್ಲೇನು?”

“ಯಾರರ ಹೇಳ್ಳಿ. ಖರೇ ಹೌದೋ ಅಲ್ಲೋ?”

“ಹೌದು. ಆದ್ರ ಅದು ಹಂಗಲ್ಲ. ಕೇಳಿದ ಕೂಡ್ಲೆ ಹೂಂ ಅಂದ್ರ ಮಂದಿ ಏನಂದಾರು? ಹುಡಿಗಿನ್ನ ಕಂಡ ಕೂಡ್ಲೆ ಜೊಲ್ಲ ಸುರಿಸಿದ ಅಂತಿದ್ರು.”

“ಮಂದಿ ಏನಂದ್ರು ಅನ್ನೂದು ಬಿಡ್ರಿ. ನಿಮಗ ನಾ ಬೇಕಾಗಿದ್ನೋ, ತುರುಕಿದ್ರು ಅಂತ ನುಂಗಿದ್ರೋ? ಅಷ್ಟ ಹೇಳ್ರಿ.”

“ಇಷ್ಟ ವರ್ಷ ಆದ ಮ್ಯಾಲೆ ಅದನ್ನೂ ಬಾಯಿ ಬಿಟ್ಟ ಹೇಳಬೇಕೇನು?”

“ಹೇಳಬೇಕು.”

ಅವರು ನನಗೆ ಬೆನ್ನು ಮಾಡಿ, ಹಡಗಿನ ಕಂಬಿ ಹಿಡಿದು ಗುಡ್ಡಗಳನ್ನು ನೋಡುತ್ತ ನಿಂತರು. ಊಟಕ್ಕೆ ಗಂಟೆ ಬಾರಿಸಿದಾಗ ಎಲ್ಲರಿಗಿಂತ ಮುಂಚೆ ಕೆಳಗೆ ಹೋಗಿ, ಯಾರ ಕೈಯನ್ನೂ ಕಾಯದೆ ತಟ್ಟೆ ತುಂಬ ಅನ್ನ ಹಾಕಿಕೊಂಡು ಮೂಲೆಯಲ್ಲಿ ಕೂತು ಉಂಡರು. ನನಗದು ಗೆಲುವೆಂದು ಅನಿಸಲಿಲ್ಲ. ಅನ್ನ ಹಾಕಿಕೊಳ್ಳಲು ಕಲಿತರು, ಉತ್ತರ ಕೊಡಲು ಕಲಿತಿರಲಿಲ್ಲ. ಆ ದಿನ ಉಳಿದ ಹೊತ್ತು ನಾವು ಇಬ್ಬರೂ ತಂಡದ ಬೇರೆಯವರ ಜೊತೆ ತುಂಬ ಚೆನ್ನಾಗಿ ಮಾತಾಡಿದೆವು.

ಹೊಯ್ ಆನ್

ಹೊಯ್ ಆನ್ ಹಳೆಯ ಊರು, ಹಳದಿ ಗೋಡೆಗಳ ಊರು, ಬೀದಿಗೆಲ್ಲ ಬಣ್ಣದ ಕಂದೀಲು. ಊರ ಹೊರಗೆ ನೀರಿನಲ್ಲೇ ಬೆಳೆದ ತೆಂಗಿನಂಥ ಗಿಡಗಳ ನಡುವೆ ಬಿದಿರಿನ ದುಂಡು ದೋಣಿಗಳಲ್ಲಿ ಕೂಡಿಸಿ ಸುತ್ತಿಸುತ್ತಾರೆ. ದೋಣಿ ಕಂಡ ಕೂಡಲೇ ನನ್ನ ಗಂಡ ಬಸ್ಸಿನ ಕಿಟಕಿಗೆ ಮೂಗು ಹಚ್ಚಿದರು.

“ಹರಿಗೋಲ,” ಎಂದರು, ತಮ್ಮಷ್ಟಕ್ಕೆ.

ಅವರು ಹುಟ್ಟಿ ಬೆಳೆದದ್ದು ರಾಮದುರ್ಗದ ಕಡೆ, ಮಲಪ್ರಭೆಯ ದಂಡೆಯ ಹಳ್ಳಿಯಲ್ಲಿ. ಹೊಳೆ ತುಂಬಿದಾಗ ಆಚೆ ದಂಡೆಯ ಹೊಲಕ್ಕೆ ಹರಿಗೋಲಿನಲ್ಲೇ ಹೋಗುತ್ತಿದ್ದರಂತೆ. ಇದನ್ನು ನಾನು ನೂರು ಸಲ ಕೇಳಿದ್ದೇನೆ. ಈಗ ಅವರಿಗೆ ಎಷ್ಟು ಆಸೆಯಾಗಿದೆಯೆಂದು ಕುರುಡರಿಗೂ ಕಾಣುತ್ತಿತ್ತು. ನಾನು ಬಾಯಿ ಬಿಗಿಹಿಡಿದು ಕೂತೆ. ಒಂದು ಸಲವೂ ಕೇಳಲಿಲ್ಲ.

ದಂಡೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ಲಿನ್ ಕೇಳಿದಳು, ಯಾರಿಗೆ ಮೊದಲು ಹೋಗಬೇಕು? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನಾವು ಕರ್ನಾಟಕದವರು, ಮೊದಲ ಸಲಕ್ಕೆ ಹೂಂ ಅನ್ನುವವರು ಯಾರಿದ್ದಾರೆ? ಆಗ ನನ್ನ ಹಿಂದಿನಿಂದ ಒಂದು ಕೈ ಮೇಲೆದ್ದಿತು.

“ನನಗ ಬೇಕು,” ಎಂದರು ಚನ್ನಬಸಪ್ಪ, ಅಚ್ಚ ರಾಮದುರ್ಗದ ಕನ್ನಡದಲ್ಲಿ. ಲಿನ್‌ಗೆ ಭಾಷೆ ತಿಳಿಯದಿದ್ದರೂ ಅರ್ಥ ತಿಳಿಯಿತು.

ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ದೋಣಿಗೆ ಹೆಜ್ಜೆ ಇಟ್ಟವರು ನನ್ನತ್ತ ತಿರುಗಿದರು. “ನೀನೂ ಬಾ.”

ಇಲ್ಲಿ ನಡೆದದ್ದನ್ನು ಬಿಡದೆ ಬರೆಯುತ್ತೇನೆ. ನನಗೆ ಹೋಗಬೇಕೆಂದು ಪ್ರಾಣ ಹೋಗುತ್ತಿತ್ತು. ಬಾಯಿಯಿಂದ ಬಂದದ್ದು ಇದು: “ಬ್ಯಾಡ್ರಿ. ಸೀರಿ ತೋಯ್ತೈತಿ. ನಾ ಒಲ್ಲೆ. ನೀವು ಹೋಗ್ರಿ.”

“ಆತು,” ಎಂದರು. ಕೂತರು. ದೋಣಿ ಹೊರಟುಬಿಟ್ಟಿತು.

ನಾನು ದಂಡೆಯ ಮೇಲೆ ನಿಂತೆ. ಅವರು ಆಗಲೇ ಅಂಬಿಗನ ಕೈಯಿಂದ ಹುಟ್ಟು ಕಸಿದುಕೊಂಡು ಎಂಟರ ಆಕಾರದಲ್ಲಿ ನೀರು ಕಡೆಯುತ್ತಿದ್ದರು. ಅಂಬಿಗ ಚಪ್ಪಾಳೆ ತಟ್ಟುತ್ತಿದ್ದ. ಎಲ್ಲಿಂದಲೋ ಕರೋಕೆಯ ಹಾಡು ಕಿವಿ ಕಿತ್ತು ಹೋಗುವಂತೆ ಕೇಳುತ್ತಿತ್ತು. ನನ್ನ ಪಕ್ಕದಲ್ಲಿ ಲಿನ್ ಬಂದು ನಿಂತು, “ನೀವು ಬೇಡ ಎಂದಿರಿ, ಅವರು ಬಿಟ್ಟು ಹೋದರು. ಸರಿಯಾಗೇ ಇದೆಯಲ್ಲ?” ಎಂದಳು. ಆಕೆಯ ಮುಖದಲ್ಲಿ ನಗು ಇರಲಿಲ್ಲ, ಅದನ್ನು ಹಿಡಿದಿಟ್ಟಿದ್ದಳು.

ನನಗೆ ಆಗ ಹತ್ತಿದ ಸಿಟ್ಟು ಅವರ ಮೇಲಿನದಲ್ಲ, ಲಿನ್ ಮೇಲಿನದೂ ಅಲ್ಲ. ಗಂಡಸರು ಒಲ್ಲೆ ಎಂದರೆ ಕಾಡಿ ಬೇಡಿ ಕೊಡುತ್ತಾರೆ. ಹೆಂಗಸರು ಒಲ್ಲೆ ಎಂದರೆ ‘ಆಕಿಗೇನೂ ಬೇಕಾಗಿಲ್ಲ, ಭಾಳ ಸಮಾಧಾನದಾಕಿ’ ಎಂದು ಹೊಗಳಿ ಪಾತ್ರೆ ಮುಂದಕ್ಕೆ ಒಯ್ಯುತ್ತಾರೆ. ಆ ಹೊಗಳಿಕೆಗೆ ಸೋತು ನನ್ನ ಅವ್ವ ಕೆನೆಮೊಸರು ರುಚಿ ನೋಡದೆ ಹೋದಳು. ನಾನು ಹಾಗೆ ಹೋಗುವವಳಲ್ಲ.

ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. “ರೀ,” ಎಂದು ಕೂಗಿದೆ. ಕರೋಕೆಯ ಗದ್ದಲದಲ್ಲಿ ಕೇಳಿಸಲಿಲ್ಲ. ಆಗ ಹಿಂದೆಂದೂ ಮಾಡದ್ದನ್ನು ಮಾಡಿದೆ. “ಚನ್ನಬಸಪ್ಪ,” ಎಂದು ಗಂಟಲು ಹರಿಯುವಂತೆ ಕೂಗಿದೆ. “ತಿರುಗಿ ಬರ್ರಿ. ನನಗೂ ಬೇಕು.”

ನಮ್ಮ ತಂಡದವರೆಲ್ಲ ನನ್ನನ್ನೇ ನೋಡಿದರು. ನೋಡಲಿ. ದೋಣಿ ಒಂದು ಸುತ್ತು ಸುತ್ತಿ ದಂಡೆಗೆ ಬಂದಿತು. ಕೈ ನೀಡಿ ಹತ್ತಿಸಿಕೊಂಡರು. ಸೀರೆ ಮೊಣಕಾಲ ತನಕ ತೋಯ್ದಿತು.

ಅಂಬಿಗನಿಗೆ ಹುಟ್ಟು ತಿರುಗಿ ಕೊಟ್ಟು ನನ್ನ ಎದುರಿಗೆ ಕೂತರು. ಗಿಡಗಳ ನೆರಳಿನಲ್ಲಿ ದೋಣಿ ನಿಧಾನವಾಗಿ ಹೋಗುತ್ತಿತ್ತು. ನನ್ನ ಮುಖ ನೋಡದೆ, ನೀರು ನೋಡುತ್ತ ಮಾತಾಡಿದರು.

“ದೊಡವಾಡದಿಂದ ತಿರಗಿ ಬರುವಾಗ ಬಸ್ಸಿನ್ಯಾಗ ಕುಂತಾಗನ ನನಗ ನೀ ಬೇಕು ಅನಿಸಿತ್ತು. ಅಪ್ಪಗ ಒಲ್ಲೆ ಅಂದೆ. ಅವ್ವಗ ಒಲ್ಲೆ ಅಂದೆ. ಎರಡನೇ ಸಲಾನೂ ಹಂಗ ಅಂದ ಮ್ಯಾಲೆ ಅವರು ಖರೇ ತಿಳಕೊಂಡು ಬ್ಯಾರೆ ಹುಡಿಗಿ ನೋಡಾಕ ಹೊಂಟ್ರು. ನಾ ನಡಗಿ ಹೋದೆ. ಕಾಕಾನ ಕರದು ಜೋರ ಮಾಡು ಅಂತ ಹೇಳಿದಾಂವ ನಾನ.”

ತನಗೆ ತಾನೇ ಒತ್ತಾಯ ಮಾಡಿಸಿಕೊಂಡ ಮನುಷ್ಯ. ಇಂಥ ಪೆದ್ದುತನ ನಮ್ಮ ಸೀಮೆಯ ಗಂಡಸರು ಬಿಟ್ಟು ಇನ್ನಾರೂ ಮಾಡಲಾರರು. ಎದೆಯ ಮೇಲಿದ್ದ ಕಲ್ಲು ಇಳಿಯಿತು. ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ನಗು ನಿಂತ ಮೇಲೆ ಅವರು ಇನ್ನೊಂದು ಮಾತು ಕೇಳಿದರು. ನಾನು ನಿರೀಕ್ಷಿಸಿರಲಿಲ್ಲ.

“ನನಗರ ಮೂರ ಮಂದಿ ಕೇಳಿದ್ರು. ನಿನಗ ಯಾರ ಕೇಳಿದ್ರು?”

“ಯಾರೂ ಕೇಳಲಿಲ್ಲ. ಅಪ್ಪ ಒಳಗ ಬಂದು, ಕೂಡಿ ಬಂತು ಅಂದ.”

“ಕೇಳಿದ್ರ ಏನಂತಿದ್ದಿ?”

ದೋಣಿಯಲ್ಲಿ ಕೂತು ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಒಲ್ಲೆ ಅಂತಿದ್ದೆ. ನಿಮ್ಮಂಗ ಅಲ್ಲ, ಖರೇನ ಒಲ್ಲೆ. ನನಗ ಧಾರವಾಡದಾಗ ಎಂ.ಎ. ಓದಬೇಕಾಗಿತ್ತು.”

ಅವರಿಗೆ ನೋವಾಯಿತೆಂದು ಕಂಡಿತು. ನಾನು ಅದನ್ನು ಸಮಾಧಾನ ಮಾಡಲು ಹೋಗಲಿಲ್ಲ, ಏಕೆಂದರೆ ಅದು ಸತ್ಯ, ಮತ್ತು ಅದನ್ನು ಕೇಳಲು ಯಾರಾದರೂ ಇಷ್ಟು ವರ್ಷದ ನಂತರವಾದರೂ ಬಂದದ್ದು ನನಗೆ ಬೇಕಾಗಿತ್ತು. ಅಂಬಿಗ ನಮ್ಮ ಮುಖ ಕಂಡು ಬೇಸರವಾಯಿತೆಂದು ತಿಳಿದನೋ ಏನೋ, ದೋಣಿಯನ್ನು ಗರಗರನೆ ಸುತ್ತಿಸಿಬಿಟ್ಟ. ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿ ಹಿಡಿದುಕೊಂಡೆವು. ಗಿಡ, ಆಕಾಶ, ಲಿನ್, ನಮ್ಮ ತಂಡದವರು, ಎಲ್ಲ ಒಂದಾಗಿ ತಿರುಗಿದವು.

ದೋಣಿ ನಿಂತಾಗ ಕಿವಿಯ ಹತ್ತಿರ ಕೇಳಿದರು: “ಅದು ಆವಾಗಿನ ಮಾತಾತು. ಈಗ?”

“ನಿಮಗ ಮೂರ ಸಲ ಕೇಳ್ಯಾರ,” ಎಂದೆ. “ನನಗ ಇದು ಮೊದಲನೇದ್ದು. ಇನ್ನೂ ಎರಡ ಸಲ ಕೇಳ್ರಿ.”

ನೇಸರಗಿಯ ಬಸ್ಸು

ಬೆಳಗಾವಿಯಿಂದ ಊರಿಗೆ ಬಸ್ಸು ಹಿಡಿದೆವು. ನಿಲ್ಲಲು ಜಾಗವಿರಲಿಲ್ಲ, ಹೇಗೋ ಒಂದು ಸೀಟು ಸಿಕ್ಕಿತು. ನೇಸರಗಿಯಲ್ಲಿ ನನ್ನ ಶಾಲೆಯ ಮಕ್ಕಳ ತಾಯಂದಿರು ನಾಲ್ಕಾರು ಜನ ಹತ್ತಿದರು, ಟೀಚರ್ ಎಲ್ಲಿಗೆ ಹೋಗಿದ್ದಿರಿ ಎಂದು ಸುತ್ತ ನಿಂತರು. ಬಸ್ಸು ಊರು ದಾಟಿ ಹೊಲಗಳ ನಡುವೆ ಬಂದಾಗ ನನ್ನ ಗಂಡ ಕೆಮ್ಮಿದರು.

“ಎರಡನೇದ್ದು ಕೇಳಲೇನು?”

“ಕೇಳ್ರಿ.”

“ಇಲ್ಲೆ ಮಂದಿ ಅದಾರ.”

“ಇರ್ಲಿ.”

ಇಂಜಿನ್ನಿನ ಸದ್ದಿಗೆ ಮೆಲ್ಲಗೆ ಕೇಳಿದರೆ ಕೇಳಿಸುವಂತಿರಲಿಲ್ಲ. ಅವರು ಕೊರಳು ಸರಿಮಾಡಿಕೊಂಡು, ಅಂಗಡಿಯಲ್ಲಿ ದೂರ ನಿಂತ ಹಮಾಲರನ್ನು ಕರೆಯುವ ದನಿಯಲ್ಲಿ, “ನಿನಗ ನಾ ಬೇಕೋ ಬ್ಯಾಡೋ?” ಎಂದರು.

ನಿಂತವರು, ಕೂತವರು, ಕಂಡಕ್ಟರು, ಎಲ್ಲರೂ ನನ್ನತ್ತ ತಿರುಗಿದರು. ಮುಂದಿನ ಸೀಟಿನ ಅಜ್ಜಿ ಉತ್ತರ ಕೇಳಲು ಸೆರಗನ್ನು ಕಿವಿಯಿಂದ ಸರಿಸಿದಳು.

“ಒಲ್ಲೆ,” ಎಂದೆ, ಎಲ್ಲರಿಗೂ ಕೇಳಿಸುವ ಹಾಗೆ.

ನನ್ನ ಗಂಡ ತಲೆಯಾಡಿಸಿದರು. ಮುಖದಲ್ಲಿ ಮಂದಿಯ ಅಂಜಿಕೆಯಿರಲಿಲ್ಲ. “ಇನ್ನೊಂದ ಉಳದೈತಿ,” ಎಂದರು.

“ಹೌದು. ಆದ್ರ ಅದಕ್ಕ ಯಾವ ಕಾಕಾನೂ ಕರಕೊಂಡ ಬರಬ್ಯಾಡ್ರಿ,” ಎಂದೆ.